ಮೊದಲು ಟಿಪ್ಸ್, ಆಮೇಲೆ ರೌಂಡ್ ಫಿಗರ್

ಊಟ ಮುಗಿದು ಬಿಲ್ ಟೇಬಲ್ ಮೇಲೆ ಬಂದಾಗ ಟಿಪ್ಸ್ ಎಷ್ಟು ಇಡಬೇಕು, ಅದನ್ನು ಬೇಗ ಲೆಕ್ಕ ಹಾಕುವುದು ಹೇಗೆ, ರೌಂಡ್ ಮಾಡುವಾಗ ಯಾವ ಕಡೆಗೆ ಮಾಡಬೇಕು? ಈ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಲ ಗಣಿತದ ಮೇಷ್ಟ್ರೊಬ್ಬರು ಉತ್ತರಿಸಿದ್ದಾರೆ. ದುಡ್ಡು ಯಾವ ದೇಶದ್ದೇ ಆದರೂ ಲೆಕ್ಕ ಒಂದೇ ತಾನೇ, ಹಾಗಾಗಿ ಉದಾಹರಣೆಗಳಲ್ಲಿ ಬರೀ ಅಂಕಿಗಳಿವೆ.

ಪ್ರಶ್ನೆ: ನಾನು ಯಾವಾಗಲೂ ಬಿಲ್ಲನ್ನು ಮುಂದಿನ ನೂರಕ್ಕೆ ಏರಿಸಿ ಕೊಟ್ಟು ಎದ್ದು ಬರುತ್ತೇನೆ. ತಲೆನೋವಿಲ್ಲ. ಆದರೆ ಒಂದೊಂದು ಸಲ ತೀರಾ ಕಮ್ಮಿ ಕೊಟ್ಟೆನೇನೋ ಅನಿಸುತ್ತದೆ. ಈ ಅಭ್ಯಾಸ ಸರಿಯೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ, ಅಭ್ಯಾಸ ಸರಿಯಿಲ್ಲ.

ಒಂದು ದಿನ ಬಿಲ್ 812 ಬಂತು ಅಂದುಕೊಳ್ಳಿ. ನೀವು 900 ಕೊಟ್ಟಿರಿ. ಟಿಪ್ಸ್ 88, ಅಂದರೆ ಶೇಕಡಾ 11ರ ಹತ್ತಿರ. ಚೆನ್ನಾಗಿದೆ. ಇನ್ನೊಂದು ದಿನ ಅದೇ ಟೇಬಲ್, ಅದೇ ವೇಟರ್, ಬಿಲ್ 896. ಆಗಲೂ 900 ಕೊಟ್ಟಿರಿ. ಟಿಪ್ಸ್ ಬರೀ 4. ಶೇಕಡಾ ಅರ್ಧವೂ ಇಲ್ಲ. ಮತ್ತೊಂದು ದಿನ ಸುಮ್ನೆ ಏನೋ ಸ್ವಲ್ಪ ತಿಂದಿರಿ, ಬಿಲ್ 210. 300 ಕೊಟ್ಟರೆ ಟಿಪ್ಸ್ 90, ಶೇಕಡಾ 43! ಮನೆಮಂದಿಯೆಲ್ಲ ಕೂತು ಗಡದ್ದಾಗಿ ಉಂಡ ದಿನ ಬಿಲ್ 2,195. 2,200 ಕೊಟ್ಟರೆ ವೇಟರ್‌ಗೆ 5.

ಇಲ್ಲಿ ಟಿಪ್ಸ್ ಎಷ್ಟೆಂದು ತೀರ್ಮಾನ ಮಾಡುತ್ತಿರುವುದು ನೀವಲ್ಲ, ಬಿಲ್ಲಿನ ಕೊನೆಯ ಎರಡು ಅಂಕಿ. ಅದಕ್ಕೂ ವೇಟರ್ ಎಷ್ಟು ಸಲ ಓಡಾಡಿದ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಮುಂದಿನ ನೂರಕ್ಕೆ ಏರಿಸುವವರ ಟಿಪ್ಸ್ ಸರಾಸರಿ 50ರ ಆಸುಪಾಸಿಗೆ ಬರುತ್ತದೆ. ಬಿಲ್ 200 ಇದ್ದರೂ ಅಷ್ಟೇ, 5,000 ಇದ್ದರೂ ಅಷ್ಟೇ. ಅಂದರೆ ಕಮ್ಮಿ ತಿಂದ ದಿನ ದಾರಾಳ, ಜಾಸ್ತಿ ತಿಂದ ದಿನ ಜಿಪುಣ.

ಮಾಡಬೇಕಾದ್ದು ಇಷ್ಟೇ, ಕ್ರಮ ಬದಲಿಸಿ. ಮೊದಲು ಟಿಪ್ಸ್ ಎಷ್ಟು ಎಂದು ನಿಶ್ಚಯಿಸಿ, ಅದನ್ನು ಬಿಲ್ಲಿಗೆ ಸೇರಿಸಿ, ಆಮೇಲೆ ರೌಂಡ್ ಮಾಡಿ. ಶೇಕಡಾ 10 ಕೊಡುವವರಿಗೆ 896ರ ಮೇಲೆ 90 ಸೇರಿದರೆ 986, ರೌಂಡ್ ಮಾಡಿದರೆ 990. 812ಕ್ಕೆ 81 ಸೇರಿದರೆ 893, ಅಲ್ಲಿಂದ 900. ಈಗ ಟಿಪ್ಸ್ 94 ಮತ್ತು 88. ಎರಡೂ ದಿನ ಹೆಚ್ಚುಕಮ್ಮಿ ಒಂದೇ ಆಯಿತು.

ಎಷ್ಟರ ಲೆಕ್ಕದಲ್ಲಿ ರೌಂಡ್ ಮಾಡಬೇಕು ಎನ್ನುವುದು ಮುಂದಿನ ಪ್ರಶ್ನೆ. ಐದಕ್ಕೋ, ಹತ್ತಕ್ಕೋ, ಐವತ್ತಕ್ಕೋ? ನಾನು ಇಟ್ಟುಕೊಂಡಿರುವ ಅಳತೆ ಇದು: ರೌಂಡ್ ಮಾಡುವ ಹೆಜ್ಜೆ ಟಿಪ್ಸ್‌ನ ಕಾಲು ಭಾಗಕ್ಕಿಂತ ದೊಡ್ಡದಿರಬಾರದು. ಟಿಪ್ಸ್ 21 ಬಂದರೆ ಕಾಲು ಭಾಗ ಸುಮಾರು 5, ಹಾಗಾಗಿ ಐದರಲ್ಲಿ ರೌಂಡ್ ಮಾಡಿ. 210ಕ್ಕೆ 21 ಸೇರಿ 231, ಅಲ್ಲಿಂದ 235. ಟಿಪ್ಸ್ 220 ಬಂದರೆ ಐವತ್ತರವರೆಗೂ ಹೋಗಬಹುದು. 2,195ಕ್ಕೆ 220 ಸೇರಿ 2,415, ಅಲ್ಲಿಂದ 2,450. ಹೀಗೆ ಮಾಡಿದರೆ ಶೇಕಡಾ 10 ಕೊಡಬೇಕೆಂದವರು ಎಷ್ಟೇ ಏರಿಸಿದರೂ ಸುಮಾರು ಹನ್ನೆರಡೂವರೆ ದಾಟುವುದಿಲ್ಲ. ಹತ್ತಕ್ಕಿಂತ ಕೆಳಗೂ ಇಳಿಯುವುದಿಲ್ಲ.

ಯಾವಾಗಲೂ ಮೇಲಕ್ಕೇ ಏರಿಸುವವರು ಇನ್ನೊಂದು ವಿಷಯ ಗೊತ್ತಿಟ್ಟುಕೊಳ್ಳಬೇಕು. ಹತ್ತಕ್ಕೆ ಏರಿಸಿದರೆ ಪ್ರತಿ ಸಲ ಸರಾಸರಿ 5 ಹೆಚ್ಚಿಗೆ ಹೋಗುತ್ತದೆ. ಐವತ್ತಕ್ಕೆ ಏರಿಸಿದರೆ 25. ವಾರಕ್ಕೊಮ್ಮೆ ಹೊರಗೆ ಊಟ ಮಾಡುವವರಿಗೆ ವರ್ಷದಲ್ಲಿ ಮೊದಲನೆಯದು ಸುಮಾರು 260, ಎರಡನೆಯದು ಸುಮಾರು 1,300. ಮನಸ್ಸಿದ್ದರೆ ಖಂಡಿತ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಗೊತ್ತಿದ್ದು ಕೊಡಿ. ಮೇಲೋ ಕೆಳಗೋ, ಯಾವುದು ಹತ್ತಿರವೋ ಅಲ್ಲಿಗೆ ರೌಂಡ್ ಮಾಡುವವರಿಗೆ ಈ ಹೆಚ್ಚುವರಿ ಇರುವುದಿಲ್ಲ. ಒಂದು ದಿನ ಏರಿದ್ದು ಇನ್ನೊಂದು ದಿನ ಇಳಿದು ಸರಿಹೋಗುತ್ತದೆ.

ಪ್ರಶ್ನೆ: ಶೇಕಡಾ 15, 18 ಅಂದರೆ ನನಗೆ ಬಾಯಿಲೆಕ್ಕ ಬರುವುದಿಲ್ಲ. ಪ್ರತಿ ಸಲ ಮೊಬೈಲ್ ತೆಗೆಯಲು ಮುಜುಗರ. ಏನಾದರೂ ಸುಲಭದ ದಾರಿ ಇದೆಯಾ?

ಉತ್ತರ: ಮೊಬೈಲ್ ತೆಗೆಯುವುದರಲ್ಲಿ ನಾಚಿಕೆ ಏನಿದೆ? ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಎಲ್ಲವೂ ಶೇಕಡಾ 10ರಿಂದ ಶುರು. ಬಿಲ್ 847 ಬಂದಿದೆ. ಅದನ್ನು 850 ಅಂದುಕೊಳ್ಳಿ. ಕೊನೆಯ ಸೊನ್ನೆ ತೆಗೆದರೆ 85, ಅದೇ ಶೇಕಡಾ 10. ಅದರ ಅರ್ಧ ಸೇರಿಸಿದರೆ ಶೇಕಡಾ 15, ಅಂದರೆ 85 ಮತ್ತು 42, ಒಟ್ಟು 127. ಎರಡರಷ್ಟು ಮಾಡಿದರೆ ಶೇಕಡಾ 20, ಅಂದರೆ 170. ಶೇಕಡಾ 18 ಬೇಕಿದ್ದರೆ ಆ 170ರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. 170ರಲ್ಲಿ 17 ಹೋದರೆ 153. ಇಷ್ಟೇ.

ಪರ್ಸೆಂಟ್ ಬಿಟ್ಟು ಭಾಗಾಕಾರಕ್ಕೆ ಹೋದರೆ ಕೆಲವರಿಗೆ ಇನ್ನೂ ಸಲೀಸು. ಮೂರು ಸಲ ಅರ್ಧ ಮಾಡಿದರೆ ಎಂಟನೇ ಒಂದು ಭಾಗ, ಅದು ಶೇಕಡಾ ಹನ್ನೆರಡೂವರೆ. 850, 425, 212, 106. ಆರರಿಂದ ಭಾಗಿಸಿದರೆ ಶೇಕಡಾ 16.7ರ ಹತ್ತಿರ. ಹದಿನೈದಕ್ಕಿಂತ ಸ್ವಲ್ಪ ಜಾಸ್ತಿ ಕೊಡುವವರಿಗೆ ಈ ಆರರ ಭಾಗಾಕಾರ ಹೇಳಿಮಾಡಿಸಿದ ಹಾಗಿದೆ. ಬಿಲ್ 50, 25, 75ರಂಥ ಅಂಕಿ ಇದ್ದರೆ ಅದಲುಬದಲು ಮಾಡಿ ನೋಡಿ. 50ರ ಶೇಕಡಾ 18 ಎಷ್ಟು ಎಂದು ಒದ್ದಾಡಬೇಡಿ. ಅದು 18ರ ಶೇಕಡಾ 50, ಅಂದರೆ 9.

847 ಅನ್ನು 850 ಅಂದುಕೊಂಡರೆ ಲೆಕ್ಕ ತಪ್ಪಲ್ಲವೇ ಎಂದು ಕೆಲವರು ಕೇಳುತ್ತಾರೆ. ಎಷ್ಟು ತಪ್ಪು ಎಂದು ನೋಡೋಣ. ಬಿಲ್ಲಿನಲ್ಲಿ ವ್ಯತ್ಯಾಸ 3. ಟಿಪ್ಸ್‌ನಲ್ಲಿ ವ್ಯತ್ಯಾಸ ಮೂರರ ಶೇಕಡಾ 15, ಅಂದರೆ 0.45. ಯಾರಿಗೂ ಕಾಣುವುದೇ ಇಲ್ಲ. ಸೋಮಾರಿತನದಿಂದ 847 ಅನ್ನು 800 ಅಂದುಕೊಂಡರೂ ಟಿಪ್ಸ್ ಕಮ್ಮಿಯಾಗುವುದು 7 ಮಾತ್ರ. ಅದೇ 47 ಅನ್ನು ಕೊನೆಯಲ್ಲಿ, ಟಿಪ್ಸ್ ಸೇರಿಸಿದ ಒಟ್ಟು ಮೊತ್ತದಿಂದ ಇಳಿಸಿ ನೋಡಿ. ಪೂರ್ತಿ 47 ವೇಟರ್ ಕೈಯಿಂದ ಹೋಗುತ್ತದೆ. ಆದ್ದರಿಂದ ಪರ್ಸೆಂಟ್ ಹಾಕುವ ಮುಂಚೆ ಎಷ್ಟು ಒರಟಾಗಿ ರೌಂಡ್ ಮಾಡಿದರೂ ನಡೆಯುತ್ತದೆ. ಹಾಕಿದ ಮೇಲೆ ಮಾತ್ರ ನಾಜೂಕಾಗಿರಿ. ಜನ ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಪೈಸೆ ಬಿಡದೆ ಲೆಕ್ಕ ಹಾಕಿ, ಕೊನೆಗೆ ಏನೋ ಒಂದು ಮೊತ್ತ ಕೊಟ್ಟು ಎದ್ದುಬಿಡುತ್ತಾರೆ.

ಪ್ರಶ್ನೆ: ಸ್ನೇಹಿತರು ಒಟ್ಟಿಗೆ ಹೋದಾಗ ಪ್ರತಿಯೊಬ್ಬರೂ ತಮ್ಮ ಪಾಲಿಗೆ ಟಿಪ್ಸ್ ಸೇರಿಸಿ ಕೊಡುತ್ತೇವೆ. ಒಂದೊಂದು ಸಲ ದುಡ್ಡು ಜಾಸ್ತಿ, ಒಂದೊಂದು ಸಲ ಕಮ್ಮಿ. ಯಾಕೆ ಹೀಗೆ?

ಉತ್ತರ: ಒಬ್ಬೊಬ್ಬರೂ ತಮಗೆ ಬೇಕಾದ ಕಡೆಗೆ ರೌಂಡ್ ಮಾಡುತ್ತಿದ್ದೀರಿ, ಅದಕ್ಕೆ. ಆರು ಜನ, ಬಿಲ್ 2,340. ತಲಾ 390. ಶೇಕಡಾ 10 ಸೇರಿಸಿದರೆ 429. "450 ಕೊಟ್ಟುಬಿಡೋಣ ಬಿಡ್ರೋ" ಎಂದು ಎಲ್ಲರೂ ಅಂದರೆ 2,700 ಆಯಿತು. ಟಿಪ್ಸ್ 360, ಶೇಕಡಾ 15 ದಾಟಿತು. ಅದೇ ಆರು ಜನ "390 ತಾನೇ, 400 ಹಾಕಿದರೆ ಟಿಪ್ಸ್ ಸೇರಿ ಆಯ್ತು" ಅಂದುಕೊಂಡರೆ ಒಟ್ಟು 2,400. ಟಿಪ್ಸ್ 60. ಶೇಕಡಾ 3 ಕೂಡ ಇಲ್ಲ. ಆದರೂ ಪ್ರತಿಯೊಬ್ಬರಿಗೂ ತಾವು ಹತ್ತು ಜಾಸ್ತಿ ಕೊಟ್ಟ ಸಮಾಧಾನ.

ಟಿಪ್ಸ್ ಅನ್ನು ಇಡೀ ಬಿಲ್ಲಿಗೆ ಒಂದೇ ಸಲ ಹಾಕಿ. 2,340ಕ್ಕೆ 234 ಸೇರಿ 2,574. ಆರರಿಂದ ಭಾಗಿಸಿದರೆ 429. ಈಗ ಒಂದೇ ಒಂದು ಸಲ ರೌಂಡ್ ಮಾಡಿ, ತಲಾ 430. ಒಟ್ಟು 2,580.

ಇನ್ನೊಂದು ವಿಷಯ. ಕಾರ್ಡ್ ಕೊಟ್ಟು ಎಲ್ಲರಿಂದ ದುಡ್ಡು ಒಟ್ಟು ಮಾಡುವವರು ಒಬ್ಬರಿರುತ್ತಾರಲ್ಲ, ಕಮ್ಮಿ ಬಿದ್ದದ್ದನ್ನು ಅವರೇ ಕೈಯಿಂದ ಹಾಕಿರುತ್ತಾರೆ. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಅವರು ಪ್ರತಿ ಸಲ ಒಬ್ಬರೇ ಆಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಟಿಪ್ಸ್ ಲೆಕ್ಕ ತೆರಿಗೆ ಸೇರಿಸಿದ ಮೊತ್ತದ ಮೇಲೋ, ತೆರಿಗೆಗೆ ಮುಂಚಿನ ಮೊತ್ತದ ಮೇಲೋ? ತೆರಿಗೆಯನ್ನು ಎರಡರಷ್ಟು ಮಾಡಿದರೆ ಟಿಪ್ಸ್ ಸಿಗುತ್ತದೆ ಅಂತ ಒಬ್ಬರು ಹೇಳಿದರು. ನಿಜವೇ?

ಉತ್ತರ: ನ್ಯಾಯವಾಗಿ ತೆರಿಗೆಗೆ ಮುಂಚಿನ ಮೊತ್ತದ ಮೇಲೆ. ತೆರಿಗೆ ಸರ್ಕಾರಕ್ಕೆ ಹೋಗುವ ದುಡ್ಡು, ಅದಕ್ಕೂ ಬಡಿಸಿದವರಿಗೂ ಸಂಬಂಧವಿಲ್ಲ. ಆದರೆ ಇದಕ್ಕಾಗಿ ಜಗಳ ಆಡುವಷ್ಟು ವ್ಯತ್ಯಾಸವೂ ಇಲ್ಲ. ಊಟಕ್ಕೆ 1,000, ತೆರಿಗೆ ಶೇಕಡಾ 8 ಇದ್ದರೆ ಒಟ್ಟು 1,080. ಶೇಕಡಾ 15ರ ಟಿಪ್ಸ್ ಮೊದಲನೆಯದರ ಮೇಲೆ 150, ಎರಡನೆಯದರ ಮೇಲೆ 162. ಕಣ್ಣಿಗೆ ಮೊದಲು ಕಾಣುವುದು ಒಟ್ಟು ಮೊತ್ತವೇ ಆದ್ದರಿಂದ ಬಹಳ ಜನ ಅದನ್ನೇ ಹಿಡಿದುಕೊಳ್ಳುತ್ತಾರೆ. ಪರವಾಗಿಲ್ಲ.

ತೆರಿಗೆಯ ಎರಡರಷ್ಟು ಎನ್ನುವ ಉಪಾಯ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಮಾರಾಟ ತೆರಿಗೆ ಶೇಕಡಾ 8.875. ಅದನ್ನು ಎರಡರಷ್ಟು ಮಾಡಿದರೆ ಶೇಕಡಾ 17.75. ಅಲ್ಲಿನ ರೂಢಿಗೆ ಅದು ಸರಿಯಾಗಿ ಕೂರುತ್ತದೆ, ಲೆಕ್ಕವೂ ತೆರಿಗೆಗೆ ಮುಂಚಿನ ಮೊತ್ತದ ಮೇಲೇ ಬೀಳುತ್ತದೆ. ತೆರಿಗೆ ಶೇಕಡಾ 5 ಇರುವ ಕಡೆ ಇದೇ ಉಪಾಯ ಶೇಕಡಾ 10 ಕೊಡುತ್ತದೆ. ಶೇಕಡಾ 20 ಇರುವ ಕಡೆ ಮಾಡಿದರೆ ಟಿಪ್ಸ್ 40 ಆಗಿ ಜೇಬು ಖಾಲಿ! ಕೆಲವು ದೇಶಗಳಲ್ಲಿ ತೆರಿಗೆ ಮೆನುವಿನ ಬೆಲೆಯಲ್ಲೇ ಸೇರಿರುತ್ತದೆ. ಅಲ್ಲಿ ಈ ಉಪಾಯದ ಮಾತೇ ಇಲ್ಲ.

ತೆರಿಗೆಗಿಂತ ಮುಖ್ಯವಾಗಿ ನೋಡಬೇಕಾದ್ದು ಎರಡಿವೆ. ಒಂದು, ಸರ್ವಿಸ್ ಚಾರ್ಜ್. ಅದು ಬಿಲ್ಲಿನಲ್ಲಿ ಆಗಲೇ ಸೇರಿದೆಯೇ ಎಂದು ಕೆಳಗಿನ ಸಾಲುಗಳನ್ನು ಓದಿ. ಜನ ಜಾಸ್ತಿ ಇದ್ದರೆ ತಾವೇ ಸೇರಿಸುವ ಹೋಟೆಲುಗಳೂ ಇವೆ. ಸೇರಿಸಿದ್ದರೆ ಮತ್ತೆ ಪರ್ಸೆಂಟ್ ಹಾಕುವುದು ಬೇಡ, ಒಟ್ಟು ಮೊತ್ತವನ್ನು ಸುಮ್ನೆ ರೌಂಡ್ ಮಾಡಿ. ಮೊದಲ ಪ್ರಶ್ನೆ ಕೇಳಿದವರ ಅಭ್ಯಾಸ ಸರಿಹೊಂದುವುದು ಇಲ್ಲಿ. ಎರಡು, ರಿಯಾಯಿತಿ. 1,200ರ ಊಟಕ್ಕೆ 300 ರಿಯಾಯಿತಿ ಸಿಕ್ಕಿ ನೀವು ಕೊಡುವುದು 900 ಇರಬಹುದು. ಬಡಿಸಿದ್ದು ಮಾತ್ರ 1,200ರ ಊಟ. ಟಿಪ್ಸ್ ಅದರ ಮೇಲೆ ಹಾಕಿ.

ಕಾರ್ಡ್ ಮೆಷಿನ್ 18, 20, 25 ಅಂತ ಬಟನ್ ತೋರಿಸಿದರೂ ಒಂದು ಕ್ಷಣ ತಡೆದು ಅಂಕಿ ನೋಡಿ. ಮೇಲಿನ 1,080ರ ಉದಾಹರಣೆಯಲ್ಲಿ ಶೇಕಡಾ 20 ಎಂದು 200 ತೋರಿಸಿದರೆ ತೆರಿಗೆ ಬಿಟ್ಟು ಹಾಕಿದ್ದಾರೆ, 216 ತೋರಿಸಿದರೆ ತೆರಿಗೆ ಸೇರಿಸಿ ಹಾಕಿದ್ದಾರೆ. ಬೇರೆ ಮೊತ್ತ ಹಾಕುವ ಬಟನ್ ಸಾಮಾನ್ಯವಾಗಿ ಕೆಳಗೆಲ್ಲೋ ಚಿಕ್ಕದಾಗಿ ಇರುತ್ತದೆ. ಅದನ್ನು ಒತ್ತಲು ಸಂಕೋಚ ಬೇಡ.

ಪ್ರಶ್ನೆ: ವಿದೇಶದಲ್ಲಿರುವ ನನ್ನ ಗೆಳೆಯ ಒಟ್ಟು ಮೊತ್ತ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಬರುವಂತೆ ಟಿಪ್ಸ್ ಹಾಕುತ್ತಾನೆ. ಇದು ಹುಚ್ಚಾಟವೋ, ಇದರಲ್ಲಿ ಏನಾದರೂ ಅರ್ಥವಿದೆಯೋ?

ಉತ್ತರ: ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಹುಚ್ಚಾಟ ಅಲ್ಲವೇ ಅಲ್ಲ.

ಕೆಲವು ದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ವೇಟರ್ ಕಾರ್ಡ್ ತೆಗೆದುಕೊಂಡು ಹೋಗಿ ಮೊದಲು ಊಟದ ಮೊತ್ತಕ್ಕೆ ಬ್ಯಾಂಕಿನ ಒಪ್ಪಿಗೆ ಪಡೆಯುತ್ತಾರೆ. ಆಮೇಲೆ ಒಂದು ಚೀಟಿ ತಂದುಕೊಡುತ್ತಾರೆ. ಅದರಲ್ಲಿ ಟಿಪ್ಸ್ ಮತ್ತು ಒಟ್ಟು ಮೊತ್ತವನ್ನು ನೀವು ಪೆನ್ನಿನಲ್ಲಿ ಬರೆದು ಸಹಿ ಹಾಕಿ ಎದ್ದು ಬರುತ್ತೀರಿ. ನೀವು ಹೋದ ಮೇಲೆ ಆ ಅಂಕಿಯನ್ನು ಯಾರೋ ಮೆಷಿನ್ನಿಗೆ ಹೊಡೆಯುತ್ತಾರೆ. ಅಲ್ಲಿ ಕೈತಪ್ಪು ಆಗಬಹುದು, ಅಪರೂಪಕ್ಕೆ ಕೈಚಳಕವೂ ಆಗಬಹುದು. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ಬಂದಾಗ ಅಂದು ಎಷ್ಟು ಬರೆದಿದ್ದೆ ಎನ್ನುವುದು ಯಾರಿಗೆ ನೆನಪಿರುತ್ತದೆ? ಚೀಟಿ ಎಲ್ಲೋ ಕಳೆದಿರುತ್ತದೆ.

ನಿಮ್ಮ ಗೆಳೆಯನಿಗೆ ಚೀಟಿ ಬೇಡ. ಊಟ 40.35 ಆಯಿತು ಅಂದುಕೊಳ್ಳಿ. ಶೇಕಡಾ 15 ಸೇರಿಸಿದರೆ 46.40. ಆತ ಅದನ್ನು 46.64 ಮಾಡುತ್ತಾನೆ. ಟಿಪ್ಸ್ 6.29, ಶೇಕಡಾ 15.6. ಅವನಿಗೆ ಹೆಚ್ಚಿಗೆ ಬಿದ್ದದ್ದು ಚಿಲ್ಲರೆ. ಸ್ಟೇಟ್‌ಮೆಂಟಿನಲ್ಲಿ 56.64 ಅಂತ ಕಂಡರೆ ತಕ್ಷಣ ಗೊತ್ತಾಗುತ್ತದೆ, ಯಾರೋ ಮುಟ್ಟಿದ್ದಾರೆ ಎಂದು.

ಇನ್ನು ಕೆಲವರು ಮೊದಲ ಅಂಕಿಗಳನ್ನು ಕೂಡಿ ಚುಕ್ಕಿಯ ನಂತರ ಬರೆಯುತ್ತಾರೆ. ನಾಲ್ಕು ಆರು ಹತ್ತು, ಹಾಗಾಗಿ 46.10. ಇದು ಸುಲಭ, ಆದರೆ ಇದರಲ್ಲಿ ತೂತಿದೆ. 46 ತಿರುಗಿ 64 ಆದರೂ ಕೂಡಿದರೆ ಹತ್ತೇ. 64.10 ಕಂಡರೆ ನೀವು ಸರಿಯಾಗಿದೆ ಅಂದುಕೊಳ್ಳುತ್ತೀರಿ. ಹಿಂದುಮುಂದು ಒಂದೇ ಓದುವ ವಿಧಾನದಲ್ಲಿ 64.64 ಆಗಿ ಸಿಕ್ಕಿಬೀಳುತ್ತದೆ. ಅಂಕಿ ಯಾವುದು ಎನ್ನುವುದರ ಜೊತೆಗೆ ಯಾವ ಜಾಗದಲ್ಲಿದೆ ಎನ್ನುವುದನ್ನೂ ಅದು ಕಾಯುತ್ತದೆ. ಮೊತ್ತ ಮೂರಂಕಿಗೆ ಹೋದರೆ ಅದಕ್ಕೂ ಒಂದು ಸಣ್ಣ ತೂತು ಬರುತ್ತದೆ. 128.21ರಲ್ಲಿ ನಡುವಿನ 8 ಬದಲಾಗಿ 129.21 ಆದರೂ ಹಿಂದುಮುಂದು ಒಂದೇ. ಆದರೆ ಅಲ್ಲಿ ಹೋಗುವುದು ಹೆಚ್ಚೆಂದರೆ ಒಂಬತ್ತು.

ನಿಮ್ಮ ಕಾರ್ಡಿನ ಮೇಲಿರುವ ನಂಬರ್ ಕೂಡ ಇಂಥದ್ದೇ ಕಾವಲು ಇಟ್ಟುಕೊಂಡಿದೆ. ಅದರ ಕೊನೆಯ ಅಂಕಿಗೆ ಸ್ವಂತ ಅರ್ಥವಿಲ್ಲ. ಮುಂಚಿನ ಅಂಕಿಗಳಿಂದ ಲೆಕ್ಕ ಹಾಕಿ ತೆಗೆದದ್ದು. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1960ರಲ್ಲಿ ಪೇಟೆಂಟ್ ಸಿಕ್ಕಿತು. ನಂಬರ್ ಟೈಪ್ ಮಾಡುವಾಗ ಯಾವುದಾದರೂ ಒಂದು ಅಂಕಿ ತಪ್ಪಿದರೆ ಅದು ಹಿಡಿಯುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿಯುತ್ತದೆ, 09 ಮತ್ತು 90 ಒಂದನ್ನು ಬಿಟ್ಟು. ಬ್ಯಾಂಕುಗಳು ನಂಬರಿಗೆ ಮಾಡಿದ್ದನ್ನು ನಿಮ್ಮ ಗೆಳೆಯ ಮೊತ್ತಕ್ಕೆ ಮಾಡುತ್ತಿದ್ದಾನೆ.

ಒಂದು ತಮಾಷೆ ಗಮನಿಸಿ. ಎಲ್ಲವನ್ನೂ 46.00, 50.00 ಎಂದು ಚೊಕ್ಕವಾಗಿ ಮುಗಿಸುವವರ ಸ್ಟೇಟ್‌ಮೆಂಟ್ ನೋಡಲು ಅಂದ. ಆದರೆ 50.00 ಇದ್ದದ್ದು 60.00 ಆದರೆ ಅವರಿಗೆ ಗೊತ್ತೇ ಆಗುವುದಿಲ್ಲ.

ಮೊತ್ತವನ್ನು ನಿಮ್ಮ ಕಣ್ಣೆದುರೇ ಮೆಷಿನ್ನಿಗೆ ಹಾಕಿ ಪಿನ್ ಒತ್ತುವ ಕಡೆ, ಅಥವಾ ಮೊಬೈಲಿನಲ್ಲಿ ನೀವೇ ಕಳಿಸುವ ಕಡೆ ಈ ಕಸರತ್ತು ಬೇಕಿಲ್ಲ. ಚೀಟಿ ಬರೆಯುವ ಕಡೆ ಮಾತ್ರ ಇನ್ನೊಂದು ಎಚ್ಚರ: ಟಿಪ್ಸ್ ನಗದಾಗಿ ಇಟ್ಟರೆ ಚೀಟಿಯ ಟಿಪ್ಸ್ ಜಾಗವನ್ನು ಖಾಲಿ ಬಿಡಬೇಡಿ, ಅಡ್ಡಗೆರೆ ಎಳೆಯಿರಿ. ಒಟ್ಟು ಮೊತ್ತವನ್ನೂ ನೀವೇ ಬರೆಯಿರಿ. ನಿಮ್ಮ 1 ಅವರ ಕಣ್ಣಿಗೆ 7ರಂತೆ ಕಾಣದಿರಲಿ.

ಪ್ರಶ್ನೆ: 847ರ ಬಿಲ್ಲಿಗೆ ನನಗೆ ಶೇಕಡಾ 15ರ ಪ್ರಕಾರ ಟಿಪ್ಸ್ 127.05 ಬರುತ್ತದೆ. 125 ಕೊಟ್ಟರೆ ತಪ್ಪೇ? ಕೆಳಕ್ಕೆ ಇಳಿಸುವುದು ಕೆಟ್ಟದಾಗಿ ಕಾಣುತ್ತದೆ ಅನ್ನುತ್ತಾರೆ.

ಉತ್ತರ: 125 ಕೊಟ್ಟರೆ ಶೇಕಡಾ 14.8. ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ನಷ್ಟವಿಲ್ಲ. 120ಕ್ಕೆ ಇಳಿಸಿದರೂ ಶೇಕಡಾ 14 ದಾಟುತ್ತದೆ. 100ಕ್ಕೆ ಇಳಿಸಿದರೆ ಮಾತ್ರ ಅದು ರೌಂಡ್ ಮಾಡಿದ್ದಲ್ಲ, ಟಿಪ್ಸ್ ಕಮ್ಮಿ ಮಾಡಿದ್ದು. ಹಾಗೆ ಮಾಡಬೇಕು ಅನಿಸಿದರೆ ಮಾಡಿ, ರೌಂಡ್ ಫಿಗರಿನ ಮೇಲೆ ತಪ್ಪು ಹಾಕಬೇಡಿ.

ಇಳಿಸುವ ಮುಂಚೆ ನೀವಿರುವ ಜಾಗ ಯಾವುದು ಎಂದು ಯೋಚಿಸುವುದು ಒಳ್ಳೆಯದು. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ಫ್ರಾನ್ಸಿನಲ್ಲಿ ಬಡಿಸುವ ಖರ್ಚು ಮೆನುವಿನ ಬೆಲೆಯಲ್ಲೇ ಇರುತ್ತದೆ, ಮೇಲೆ ಇಡುವ ಚಿಲ್ಲರೆ ನಿಮ್ಮ ಖುಷಿ. ಅಮೆರಿಕದ ಕಥೆ ಬೇರೆ. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ, ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್. 1991ರಿಂದ ಅದು ಬದಲಾಗಿಲ್ಲ. ಟಿಪ್ಸ್ ಸೇರಿಯೂ ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಬೇಕು. ಎಷ್ಟೋ ರಾಜ್ಯಗಳು ಇದಕ್ಕಿಂತ ಹೆಚ್ಚಿಗೆ ನಿಗದಿ ಮಾಡಿವೆ, ನಿಜ. ಆದರೂ ಅಲ್ಲಿ ಟಿಪ್ಸ್ ಅಂದರೆ ಸಂಬಳದ ಭಾಗವೇ. ಅಲ್ಲಿ ನಾನು ಕೆಳಕ್ಕೆ ಇಳಿಸುವುದಿಲ್ಲ.

ಬಿಲ್ ತೀರಾ ಚಿಕ್ಕದಿದ್ದಾಗ ಎಲ್ಲೇ ಇದ್ದರೂ ಮೇಲಕ್ಕೇ ಹೋಗಿ. ಏನೋ ಒಂದು ಲೋಟ ಕುಡಿದು ಒಂದು ಗಂಟೆ ಟೇಬಲ್ ಹಿಡಿದುಕೊಂಡು ಕೂತವರಿಗೆ ಪರ್ಸೆಂಟ್ ಲೆಕ್ಕ ಸರಿಹೊಂದುವುದಿಲ್ಲ. ಇಷ್ಟಕ್ಕಿಂತ ಕಮ್ಮಿ ಇಡುವುದಿಲ್ಲ ಎಂದು ಒಂದು ಮೊತ್ತ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಮತ್ತೆ, ನಗದು ಕೊಡುವವರಾದರೆ ಬಿಲ್ ಕಟ್ಟುವಾಗಲೇ ಚಿಕ್ಕ ನೋಟುಗಳಲ್ಲಿ ಚಿಲ್ಲರೆ ಕೇಳಿ. ಜೇಬಿನಲ್ಲಿ ದೊಡ್ಡ ನೋಟು ಒಂದೇ ಇದ್ದಾಗ ಲೆಕ್ಕ ಎಷ್ಟೇ ಸರಿಯಿದ್ದರೂ ಕೊಡುವುದು ಒಂದೋ ತೀರಾ ಜಾಸ್ತಿ, ಇಲ್ಲವೇ ಏನೂ ಇಲ್ಲ.